ದಿನಕ್ಕೆ ಎಷ್ಟು ಮೈಲಿ?

ಅಮೆರಿಕದಲ್ಲಿ ನೆಲೆಸಿ ನಲವತ್ತು ವರ್ಷ ಕಳೆದ ಮೇಲೆ ನಾವು ಒಂದು ಮೋಟರ್‌ಹೋಮ್ ಕೊಂಡೆವು. ಊರಿನವರಿಗೆ ಅರ್ಥವಾಗುವಂತೆ ಹೇಳಬೇಕೆಂದರೆ, ವ್ಯಾನಿನ ಬೆನ್ನ ಮೇಲೆ ಕಟ್ಟಿದ ಸಣ್ಣ ಮನೆ. ಮಂಚ, ಒಲೆ, ಫ್ರಿಜ್, ಕಕ್ಕಸು ಎಲ್ಲ ಒಳಗೇ. ನಮ್ಮದು 28 ಅಡಿ ಉದ್ದ, ಸಾಮಾನು ತುಂಬಿದರೆ ಐದಾರು ಟನ್ ತೂಕ. ಲೀಟರಿಗೆ ನಾಲ್ಕು ಕಿಲೋಮೀಟರ್ ಓಡಿದರೆ ಹೆಚ್ಚು. ಈ ಬರಹದಲ್ಲಿ 'ನಾವು' ಎಂದರೆ ಗಂಡ ಹೆಂಡತಿ ಇಬ್ಬರೂ. ಒಬ್ಬರು ಬರೆದರು, ಇನ್ನೊಬ್ಬರು ಹೊಡೆದು ಹಾಕಿದರು, ಉಳಿದದ್ದು ಇಲ್ಲಿದೆ.

ಚಳಿಗಾಲ ಬಂತೆಂದರೆ ಉತ್ತರದ ರಾಜ್ಯಗಳಿಂದ ಅರಿಝೋನ, ಟೆಕ್ಸಾಸ್, ಫ್ಲೋರಿಡಾ ಕಡೆಗೆ ಇಂಥ ಗಾಡಿಗಳು ಸಾಲಾಗಿ ಇಳಿಯುತ್ತವೆ. ನಡೆಸುವವರು ಹೆಚ್ಚಾಗಿ ನಮ್ಮ ಹಾಗೆ ತಲೆ ನರೆತವರು. ಸಂಜೆ ತಂಗುದಾಣದಲ್ಲಿ ಕುರ್ಚಿ ಹಾಕಿ ಕೂತಾಗ ಮೊದಲ ಪ್ರಶ್ನೆ 'ಯಾವ ಊರು?'. ಎರಡನೆಯದು 'ಇವತ್ತು ಎಷ್ಟು ಮೈಲಿ ಓಡಿಸಿದಿರಿ?'. ದೊಡ್ಡ ಸಂಖ್ಯೆ ಹೇಳಿದವರಿಗೆ ಒಂದು ಬಗೆಯ ಮರ್ಯಾದೆ. ನಮ್ಮಲ್ಲಿ ಗಂಡಸಾದವರಿಗೆ ಈ ಮರ್ಯಾದೆಯ ಆಸೆ ತುಸು ಜಾಸ್ತಿಯೇ ಇತ್ತು. ಅವರ ತಂದೆ ಮಂಗಳೂರಿನಿಂದ ಘಟ್ಟದ ಮೇಲಕ್ಕೆ ಹಂಚು ಸಾಗಿಸುತ್ತಿದ್ದ ಲಾರಿಯ ಡ್ರೈವರ್. 'ಲಾರಿ ಡ್ರೈವರನ ಮಗ ದಣಿದೆ ಅನ್ನುವುದುಂಟೇ?' ಎಂಬುದು ಇವರ ಬಾಯಿಪಾಠ.

2022ರ ಎಪ್ರಿಲ್. ಇವರಿಗೆ 71, ನನಗೆ 67. (ಈ 'ನನಗೆ' ಯಾರದೆಂದು ಓದುಗರಿಗೆ ತಿಳಿಯಿತಲ್ಲ, ಮತ್ತೆ ನಾವೇ.) ಡಲ್ಲಾಸ್‌ನಲ್ಲಿರುವ ಮಗನಿಗೆ ಎರಡನೆಯ ಮಗು ಹುಟ್ಟಿತ್ತು. ಭಾನುವಾರ ಔತಣ ಇಟ್ಟುಕೊಂಡಿದ್ದ. 'ಶನಿವಾರ ಸಂಜೆ ಬಂದು ಮುಟ್ಟುತ್ತೇವೆ' ಎಂದು ಫೋನಿನಲ್ಲಿ ಮಾತು ಕೊಟ್ಟೆವು. ನಮ್ಮ ಮನೆ ಇರುವುದು ಸ್ಯಾನ್ ಫ್ರಾನ್ಸಿಸ್ಕೊ ಪಕ್ಕದ ಫ್ರೀಮಾಂಟ್‌ನಲ್ಲಿ. ಅಲ್ಲಿಂದ ಡಲ್ಲಾಸ್‌ಗೆ ಸುಮಾರು 1,700 ಮೈಲಿ, ಅಂದರೆ 2,700 ಕಿಲೋಮೀಟರಿಗೂ ಹೆಚ್ಚು. ನಾಲ್ಕು ದಿನ ಸಾಕು ಎಂದು ಭೂಪಟ ನೋಡಿ ಲೆಕ್ಕ ಹಾಕಿದೆವು. ಭೂಪಟ ಹೇಳುವುದು ಕಾರಿನ ಲೆಕ್ಕ. ಆರು ಟನ್ನಿನ ಮನೆ ಹೊತ್ತ ಗಾಡಿಗೆ, ಎಣ್ಣೆ ಹಾಕಿಸುವುದು, ಊಟ, ಕಾಲು ನೀಡುವುದು ಎಲ್ಲ ಸೇರಿದರೆ ಗಂಟೆಗೆ 45 ಮೈಲಿಗಿಂತ ಹೆಚ್ಚು ದಕ್ಕುವುದಿಲ್ಲ. ಇದು ನಮಗೆ ಗೊತ್ತಿಲ್ಲದ ಸಂಗತಿಯೂ ಆಗಿರಲಿಲ್ಲ.

ಮೊದಲ ದಿನ ಬಾರ್‌ಸ್ಟೋ. ಎರಡನೆಯ ದಿನ ಮೊಹಾವಿ ಮರುಭೂಮಿ ದಾಟಿ, ಕೊಲರಾಡೊ ನದಿಯ ದಡದ ನೀಡಲ್ಸ್‌ನಿಂದ ಏರುತ್ತ ಏರುತ್ತ 7,000 ಅಡಿ ಎತ್ತರದ ಫ್ಲ್ಯಾಗ್‌ಸ್ಟಾಫ್. ಆ ರಾತ್ರಿಯೇ ಇವರಿಗೆ ಸರಿಯಾಗಿ ನಿದ್ದೆ ಬರಲಿಲ್ಲ. ಮೂರನೆಯ ದಿನ ಶುಕ್ರವಾರ. ಶನಿವಾರ ಮುಟ್ಟಬೇಕಾದರೆ ಅವತ್ತು ಆಲ್ಬುಕರ್ಕಿ ದಾಟಿ ಟುಕುಮ್‌ಕ್ಯಾರಿಯವರೆಗೆ 500 ಮೈಲಿ ಓಡಲೇಬೇಕಿತ್ತು. ನ್ಯೂ ಮೆಕ್ಸಿಕೊ ಗಡಿ ದಾಟುತ್ತಲೇ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಯಿತು. ಅರಿಝೋನದಲ್ಲಿ ಬೇಸಿಗೆಗೆಂದು ಗಡಿಯಾರ ತಿರುಗಿಸುವ ಪದ್ಧತಿ ಇಲ್ಲ, ಹಾಗಾಗಿ ಗಡಿಯಲ್ಲೇ ಒಂದು ಗಂಟೆ ಕಳೆದುಹೋಗುತ್ತದೆ. ಮೇಲಿಂದ ವಸಂತಕಾಲದ ಗಾಳಿ. ನಮ್ಮ ಗಾಡಿಯ ಪಕ್ಕೆ ಗೋಡೆಯಂತಿದೆ; ಗಾಳಿ ಬಡಿದಾಗೆಲ್ಲ ಸ್ಟಿಯರಿಂಗ್ ಹಿಡಿದ ಕೈ ಅದರೊಂದಿಗೆ ಗುದ್ದಾಡಬೇಕು. ಅಂಥ ದಿನದ ನೂರು ಮೈಲಿ ಬೇರೆ ದಿನದ ಇನ್ನೂರಕ್ಕೆ ಸಮ.

ಆಲ್ಬುಕರ್ಕಿಯಲ್ಲಿ 'ಇಲ್ಲೇ ನಿಲ್ಲೋಣ' ಎಂದು ಒಮ್ಮೆ ಹೇಳಿದ್ದಾಯಿತು. 'ಔತಣಕ್ಕೆ ಅಜ್ಜ ಅಜ್ಜಿಯೇ ಇಲ್ಲ ಅಂದರೆ ಏನಂದಾರು? ಸುಮ್ಮನೆ ಕೂತುಕೊ' ಎಂದರು. ಸುಮ್ಮನೆ ಕೂತದ್ದೂ ಆಯಿತು. ಸಾಂತಾ ರೋಸಾ ದಾಟುವಾಗ ಕತ್ತಲಾಗಿತ್ತು. ಇವರು ರೆಪ್ಪೆ ಬಡಿಯುವ ರೀತಿ ಬದಲಾಗಿತ್ತು, ಮಾತು ನಿಂತು ಬಹಳ ಹೊತ್ತಾಗಿತ್ತು. ಪಕ್ಕದಲ್ಲಿ ಕೂತವಳಿಗೆ ಅದು ಕಂಡಿತ್ತು. ಮತ್ತೊಮ್ಮೆ ಗದರಿಸಿಕೊಳ್ಳುವುದು ಬೇಡವೆಂದು ಬಾಯಿ ತೆರೆಯಲಿಲ್ಲ. ರಸ್ತೆಯಂಚಿನಲ್ಲಿ ಕೊರೆದಿರುವ ಗೀರುಗಳ ಮೇಲೆ ಚಕ್ರ ಹತ್ತಿ ಇಡೀ ಮನೆ ಗಡಗಡನೆ ನಡುಗಿತು. ಒಳಗಿನ ಕಪಾಟು ಬಾಯಿ ತೆರೆದು ಪಾತ್ರೆಗಳು ಉರುಳಿದವು. ಇವರು ಎಚ್ಚೆತ್ತು ಗಾಡಿಯನ್ನು ಎಡಕ್ಕೆ ಎಳೆದುಕೊಂಡರು. ನಮ್ಮ ಎಡಗಡೆಯಿಂದ ಅಷ್ಟರಲ್ಲೇ ಒಂದು ದೊಡ್ಡ ಟ್ರಕ್ ದಾಟಿ ಹೋಗಿತ್ತು. ನಾಲ್ಕು ಸೆಕೆಂಡು ಮೊದಲಾಗಿದ್ದರೆ!

ಗಂಟೆಗೆ 60 ಮೈಲಿ ಎಂದರೆ ಸೆಕೆಂಡಿಗೆ 88 ಅಡಿ. ನಾಲ್ಕು ಸೆಕೆಂಡು ಕಣ್ಣು ಮುಚ್ಚಿದರೆ 350 ಅಡಿ ಕುರುಡಾಗಿ ಹೋದಂತೆ. ಈ ಗುಣಾಕಾರವನ್ನು ನಾವು ಮಾಡಿದ್ದು ಆ ರಾತ್ರಿ, ಮುಂದಿನ ತಿರುವಿನಲ್ಲಿ ಇಳಿದು, ಟ್ರಕ್ಕುಗಳ ನಡುವೆ ಗಾಡಿ ನಿಲ್ಲಿಸಿ, ನೆಲದ ಮೇಲೆ ಬಿದ್ದಿದ್ದ ಅಕ್ಕಿ ಗುಡಿಸುತ್ತ.

ಅದೇ ರಾತ್ರಿ ಇನ್ನೊಂದು ಮಾತು ಬಂತು. ಅಕ್ಕಪಕ್ಕದ ಟ್ರಕ್ ಚಾಲಕರೆಲ್ಲ ಪರದೆ ಎಳೆದು ಮಲಗಿದ್ದರು. ಇಲ್ಲಿನ ಕಾನೂನಿನ ಪ್ರಕಾರ ಸರಕಿನ ಟ್ರಕ್ ನಡೆಸುವವನು ಒಂದು ಪಾಳಿಯಲ್ಲಿ 11 ಗಂಟೆಗಿಂತ ಹೆಚ್ಚು ಓಡಿಸುವಂತಿಲ್ಲ, ಮತ್ತೆ ಚಕ್ರ ಹಿಡಿಯುವ ಮೊದಲು 10 ಗಂಟೆ ವಿರಾಮ ಬೇಕು. ಮೂವತ್ತು ವರ್ಷದ ಕಸುಬುದಾರನಿಗೆ ಇಷ್ಟು ಕಟ್ಟುಪಾಡು. ಸ್ವಂತ ತಿರುಗಾಟಕ್ಕೆ ಹೊರಟ ಎಪ್ಪತ್ತೊಂದರ ಮುದುಕನಿಗೆ ಯಾವ ಕಾನೂನೂ ಇಲ್ಲ, ಅವನಿಗೆ ಅವನೇ ಕಾನೂನು. ಆಗ ಇವರು ತಾವಾಗಿಯೇ ತಂದೆಯ ವಿಷಯ ಎತ್ತಿದರು. ಉಪ್ಪ ಎಷ್ಟೇ ಅವಸರವಿದ್ದರೂ ರಾತ್ರಿ ಶಿರಾಡಿ ಘಾಟಿ ಹತ್ತುತ್ತಿರಲಿಲ್ಲವಂತೆ. ಗುಂಡ್ಯದಲ್ಲಿ ಲಾರಿ ನಿಲ್ಲಿಸಿ, ಅದರ ಅಡಿಯಲ್ಲೇ ಚಾಪೆ ಹಾಸಿ ಮಲಗಿ, ಬೆಳಗಿನ ಜಾವ ಎದ್ದು ಹೊರಡುತ್ತಿದ್ದರಂತೆ. ಮಾಲೀಕ ಬೈದರೆ ಬೈಸಿಕೊಳ್ಳುತ್ತಿದ್ದರಂತೆ. ಮದುವೆಯಾಗಿ ನಲವತ್ತೈದು ವರ್ಷದಲ್ಲಿ ಲಾರಿ ಡ್ರೈವರನ ಮಗ ಹೆಂಡತಿಗೆ ಹೇಳದೆ ಉಳಿಸಿಕೊಂಡಿದ್ದ ಭಾಗ ಇದು.

ಮರುದಿನ ನಾವು ಎಲ್ಲಿಗೂ ಹೋಗಲಿಲ್ಲ. ಮಗನಿಗೆ ಫೋನ್ ಮಾಡಿ ಬರಲಾಗುವುದಿಲ್ಲವೆಂದೆವು, ಕಾರಣವನ್ನೂ ಮುಚ್ಚಿಡಲಿಲ್ಲ. ಅವನು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ, 'ಉಮ್ಮ, ಶನಿವಾರವೇ ಬನ್ನಿ ಎಂದು ನಾನು ಕೇಳಿದ್ದೆನಾ?' ಎಂದ. ನಿಜ, ಕೇಳಿರಲಿಲ್ಲ. ಔತಣ ನಮ್ಮನ್ನು ಬಿಟ್ಟು ನಡೆಯಿತು. ನಾವು ಮಂಗಳವಾರ ಮುಟ್ಟಿ ಬಿಸಿ ಮಾಡಿದ ಬಿರಿಯಾನಿ ತಿಂದೆವು. ಮಗು ನಮ್ಮ ತೊಡೆಯ ಮೇಲೆ ಮಲಗಿತು.

ಮೋಟರ್‌ಹೋಮಿನವರ ನಡುವೆ 'ಮೂರು ಮೂರು' ಎಂಬ ಲೆಕ್ಕವೊಂದಿದೆ. ದಿನಕ್ಕೆ 300 ಮೈಲಿ ಮೀರಬಾರದು, ಮಧ್ಯಾಹ್ನ ಮೂರಕ್ಕೆ ಗಾಡಿ ನಿಂತಿರಬೇಕು, ನಿಂತಲ್ಲಿ ಮೂರು ರಾತ್ರಿ ಕಳೆಯಬೇಕು. ಒಳ್ಳೆಯ ಲೆಕ್ಕವೇ. ಆದರೆ ನಮ್ಮ ವಯಸ್ಸಿಗೆ 300 ಜಾಸ್ತಿಯಾಯಿತು. 250ಕ್ಕೆ ಇಳಿಸಿದೆವು, ಎಂದರೆ 400 ಕಿಲೋಮೀಟರ್. ಎರಡು ದಿನ ಓಡಿಸಿದರೆ ಮೂರನೆಯ ದಿನ ಚಕ್ರ ತಿರುಗುವುದಿಲ್ಲ. ಮೂರು ಗಂಟೆಯ ನಿಯಮವನ್ನು ಮಾತ್ರ ಹಾಗೆಯೇ ಉಳಿಸಿಕೊಂಡೆವು, ಅದರಲ್ಲಿ ಬುದ್ಧಿ ಇದೆ. ಊಟವಾದ ಮೇಲೆ ಎರಡರಿಂದ ನಾಲ್ಕರವರೆಗೆ ದೇಹಕ್ಕೆ ತೂಕಡಿಕೆ ಸಹಜ. ಅದು ಜೋರಾಗುವ ಮೊದಲೇ ಗಾಡಿ ನಿಲ್ಲುತ್ತದೆ, ಹೊಸ ಜಾಗದಲ್ಲಿ ಹಗಲಿನಲ್ಲೇ ಗಾಡಿ ಹಿಂದಕ್ಕೆ ತೆಗೆಯಬಹುದು. ಅರುವತ್ತರ ಕಣ್ಣೊಳಗೆ ಇಳಿಯುವ ಬೆಳಕು ಇಪ್ಪತ್ತರ ಕಣ್ಣಿಗಿಂತ ಎಷ್ಟೋ ಕಡಿಮೆ, ಎದುರಿನ ದೀಪದ ಝಳ ಮಾತ್ರ ಹೆಚ್ಚು. ಗಾಳಿಯ ದಿನ ಲೆಕ್ಕ ಸೊನ್ನೆ.

ಒಂದು ವಿಷಯ ಹೇಳಿಬಿಡಬೇಕು. ನಮ್ಮ ವಯಸ್ಸಿನ ಎಷ್ಟೋ ಮಂದಿ ಪ್ರಯಾಣದ ದಿನ ರಕ್ತದೊತ್ತಡದ ನೀರಿನ ಮಾತ್ರೆ ನುಂಗುವುದಿಲ್ಲ, ನೀರನ್ನೂ ಕುಡಿಯುವುದಿಲ್ಲ. ಗಾಡಿ ನಿಲ್ಲಿಸಬೇಕಾದೀತೆಂಬ ಭಯ. ಕಕ್ಕಸನ್ನು ಬೆನ್ನ ಮೇಲೆ ಹೊತ್ತುಕೊಂಡು ಹೋಗುವವರಿಗೂ ಈ ಭಯ! ಹಾಗೆ ಕೂತಲ್ಲೇ ಕೂತರೆ ಕಾಲಿನ ರಕ್ತ ಹೆಪ್ಪುಗಟ್ಟುವ ಅಪಾಯವುಂಟು. ನಾವು ಎರಡು ಗಂಟೆಗೊಮ್ಮೆ ನಿಲ್ಲಿಸಿ ಗಾಡಿಯ ಸುತ್ತ ನಡೆಯುತ್ತೇವೆ. ಇವರು ಚಕ್ರಗಳನ್ನು ಒದ್ದು ನೋಡುತ್ತಾರೆ, ಅದೂ ಒಂದು ವ್ಯಾಯಾಮ.

ಎಲ್ಲಕ್ಕಿಂತ ಕಷ್ಟವಾದದ್ದು ಮೈಲಿಯ ಲೆಕ್ಕವಲ್ಲ. ನಿಲ್ಲಿಸುವ ಜಾಗವನ್ನು ಬೆಳಿಗ್ಗೆ ಚಹಾ ಕುಡಿಯುವಾಗಲೇ ಗೊತ್ತುಮಾಡುತ್ತೇವೆ. ಆಮೇಲೆ ಅದನ್ನು ಕಡಿಮೆ ಮಾಡಬಹುದು, ಹೆಚ್ಚಿಸುವಂತಿಲ್ಲ. ಕಡಿಮೆ ಮಾಡುವ ಅಧಿಕಾರ ಚಕ್ರ ಹಿಡಿಯದೆ ಬಲಗಡೆ ಕೂತವರದು. ದಣಿದವನಿಗೆ ತಾನು ದಣಿದದ್ದು ಕೊನೆಗೇ ತಿಳಿಯುವುದು, ಪಕ್ಕದವರಿಗೆ ಮೊದಲೇ ತಿಳಿಯುತ್ತದೆ. 'ಸಾಕು' ಎಂದರೆ ಮುಂದಿನ ತಿರುವಿನಲ್ಲಿ ಇಳಿಯಬೇಕು, ಚರ್ಚೆಯೆಲ್ಲ ನಿಂತ ಮೇಲೆ. ಈ ಕರಾರಿಗೆ ಒಪ್ಪಿಸಲು ಮೂರು ಪ್ರಯಾಣ ಹಿಡಿಯಿತು. ಸಮತಟ್ಟಾದ ರಸ್ತೆಯಲ್ಲಿ ಈಗ ಇಬ್ಬರೂ ಓಡಿಸುವುದರಿಂದ ಈ ಅಧಿಕಾರ ಇವರಿಗೂ ಸಿಗುತ್ತದೆ, ಬೇಕಾದುದಕ್ಕಿಂತ ಹೆಚ್ಚೇ ಬಳಸುತ್ತಾರೆ.

ತಲುಪುವ ದಿನವನ್ನು ಈಗ ಯಾರಿಗೂ ಹೇಳುವುದಿಲ್ಲ, ವಾರ ಹೇಳುತ್ತೇವೆ. ಹೋದ ಸಲ ಹೊರಡುವ ಮೊದಲು ಸೊಸೆ ಫೋನಿನಲ್ಲಿ, 'ಬುಧವಾರವೋ ಶುಕ್ರವಾರವೋ ಅಂದರೆ ನಾನು ಮಾಂಸ ಯಾವತ್ತು ತರಲಿ ಮಾಮಿ?' ಎಂದು ಕೇಳಿದಳು.

'ಅಮರಿಲ್ಲೊ ಮುಟ್ಟಿದ ಮೇಲೆ ಫೋನ್ ಮಾಡುತ್ತೇವೆ. ಅಲ್ಲಿಂದ ಮತ್ತೆ ಎರಡು ದಿನ.'

'ಅದು ಒಂದೇ ದಿನದ ದಾರಿಯಲ್ಲವಾ?'

'ನಿನಗೆ ಒಂದು ದಿನ, ನಮಗೆ ಎರಡು' ಎಂದು ಹೇಳಿ, ಚಹಾದ ಪಾತ್ರೆ ತೊಳೆದಿಟ್ಟು, ಕಪಾಟಿನ ಬಾಗಿಲು ಭದ್ರಪಡಿಸಿಕೊಂಡೆವು.