ಕಲಮು, ಪಾಟಿ ಮತ್ತು ಆಯಿಯ ಕಲ್ಲು

ಖುಲ್ತಾಬಾದಿನ ಹಳೆಯ ಗೋರಿಗಳ ನಡುವೆ ಓಡಾಡುವಾಗ ಒಂದು ಗುರುತು ತಿಳಿದಿದ್ದರೆ, ಫಾರಸಿ ಓದಲು ಬಾರದಿದ್ದರೂ ಒಳಗೆ ಮಲಗಿರುವುದು ಗಂಡೋ ಹೆಣ್ಣೋ ಎಂದು ಹೇಳಬಹುದು. ಗೋರಿಯ ಮೇಲೆ ಉದ್ದಕ್ಕೆ ದಿಂಡಿನಂತೆ ಎದ್ದ ಕಲ್ಲಿದ್ದರೆ ಗಂಡಸಿನದು. ಅದು ಕಲಮ್‌ದಾನ್, ಅಂದರೆ ಲೇಖನಿ ಇಡುವ ಪೆಟ್ಟಿಗೆ. ಸಪಾಟಾದ ಆಯತವಿದ್ದರೆ ಹೆಂಗಸಿನದು. ಅದು ತಖ್ತಿ, ನಮ್ಮ ಕಲಬುರಗಿ ಕಡೆಯ ಮಾತಿನಲ್ಲಿ ಪಾಟಿ. ತಾಜಮಹಲಿನೊಳಗೂ ಹೀಗೇ ಇದೆ: ಷಹಜಹಾನನ ಗೋರಿಯ ಮೇಲೆ ಪೆಟ್ಟಿಗೆ, ಮುಮ್ತಾಜಳ ಗೋರಿಯ ಮೇಲೆ ಪಾಟಿ. ಅಲ್ಲಿ ಹೂಬಳ್ಳಿಯ ಕೆತ್ತನೆಗೆ ಮರುಳಾದ ಕಣ್ಣಿಗೆ ಅದು ಬೀಳುವುದೇ ಇಲ್ಲ. ಖುಲ್ತಾಬಾದಿನ ಬಡ ಗೋರಿಗಳ ಮೇಲೆ ಬೇರೇನೂ ಇಲ್ಲವಾದ್ದರಿಂದ ಅದೊಂದೇ ಕಾಣುತ್ತದೆ.

ನಾನು ಮುಂಬಯಿಯಲ್ಲಿ ಶಿಲ್ಪಕಲೆ ಓದುತ್ತಿದ್ದೇನೆ. ಕೊನೆಯ ವರ್ಷದಲ್ಲಿ ನಮಗೆ ಕೊಟ್ಟ ಕೆಲಸ ಇಷ್ಟು: ಮನುಷ್ಯನ ಆಕೃತಿ ಇಲ್ಲದೆ ಮನುಷ್ಯನನ್ನು ಹೇಳುವ ಕಲ್ಲುಗಳನ್ನು ಹುಡುಕಿ, ಅಳತೆ ಹಿಡಿದು ಚಿತ್ರ ಬರೆದು, ಆಮೇಲೆ ಅಂಥದೊಂದನ್ನು ನೀವೇ ಮಾಡಿ. ಇಡೀ ತರಗತಿ ವೇರೂಳಕ್ಕೆ, ಅಂದರೆ ಎಲ್ಲೋರಾಕ್ಕೆ, ಹೊರಟಿತು. ದಾರಿಯಲ್ಲಿ ನಾಸಿಕದ ಪಾಂಡವಲೇಣಿ ಹತ್ತಿದೆವು. ಅಲ್ಲಿನ 3ನೇ ಗುಹೆಯ ಹಿಂಗೋಡೆಯಲ್ಲಿ ಸ್ತೂಪದ ಉಬ್ಬುಶಿಲ್ಪವಿದೆ. ಬುದ್ಧನಿರಬೇಕಾದ ಕಡೆ ಬರೀ ಸ್ತೂಪ, ಅದರ ಮೇಲೆ ಕೊಡೆ, ಪಕ್ಕದಲ್ಲಿ ಕೈಮುಗಿದವರು. ಆ ಕಾಲದವರು ಬುದ್ಧನ ಮುಖ ಕೆತ್ತುತ್ತಿರಲಿಲ್ಲ. ಪಾದ, ಚಕ್ರ, ಬೋಧಿವೃಕ್ಷ, ಸ್ತೂಪ ಇಷ್ಟರಲ್ಲೇ ಅವನನ್ನು ಹೇಳಿಬಿಡುತ್ತಿದ್ದರು. ನಮ್ಮ ಸನ್ನತಿ ಹತ್ತಿರದ ಕನಗನಹಳ್ಳಿಯ ಹಲಗೆಗಳಲ್ಲೂ ಈ ಪದ್ಧತಿ ಕಾಣಸಿಗುತ್ತದೆ.

ವೇರೂಳದಲ್ಲಿ ಒಬ್ಬ ಕನ್ನಡಿಗಳಿಗೆ ಆಗಬೇಕಾದದ್ದೆಲ್ಲ ನನಗೂ ಆಯಿತು. ಕೈಲಾಸ ದೇಗುಲ ಮಾಡಿಸಿದ್ದು ರಾಷ್ಟ್ರಕೂಟರ ಒಂದನೇ ಕೃಷ್ಣ, 8ನೇ ಶತಮಾನದಲ್ಲಿ. ಅವನ ವಂಶದವರೇ ಮುಂದೆ ನಮ್ಮ ಮಳಖೇಡವನ್ನು ರಾಜಧಾನಿ ಮಾಡಿಕೊಂಡರು. ನನ್ನ ಅಪ್ಪನ ಊರು ಅಲ್ಲಿಂದ ಕೂಗಳತೆ. ಕವಿರಾಜಮಾರ್ಗ ಹೇಳುವ ಗೋದಾವರಿಯ ಗಡಿಗಿಂತ ವೇರೂಳ ಒಂದಿಷ್ಟು ಆಚೆಗೇ ಇದೆ ಎಂದು ಮರಾಠಿ ಗೆಳತಿಯರಿಗೆ ಹೇಳಿ ಸಾಕಷ್ಟು ಬೀಗಿದೆ. ಆದರೆ ಚಿತ್ರ ಬರೆಯಲು ಕುಳಿತಾಗ ತಲೆ ಕೆಡಿಸಿದ್ದು ಬೇರೆ ವಿಷಯ. ಹೊರಗೋಡೆಯಲ್ಲಿ ರಾವಣ ಕೈಲಾಸವನ್ನೇ ಅಲ್ಲಾಡಿಸುತ್ತಿದ್ದಾನೆ. ಆ ತೋಳುಗಳು, ಬಾಗಿದ ಬೆನ್ನು, ಮೇಲೆ ಬೆದರಿ ಶಿವನತ್ತ ಸರಿದ ಪಾರ್ವತಿ! ಮೇಲಿನಿಂದ ಕೆಳಕ್ಕೆ ಗುಡ್ಡವನ್ನೇ ಕಡಿದಿಳಿಸಿದ ಜನ, ಕಲ್ಲಿನಲ್ಲಿ ಏನು ಬೇಕಾದರೂ ಮಾಡಬಲ್ಲವರು. ಅಷ್ಟೆಲ್ಲ ದಾಟಿ ಗರ್ಭಗುಡಿಗೆ ಹೋದರೆ ಅಲ್ಲೊಂದು ಲಿಂಗ. ಕಣ್ಣಿಲ್ಲ, ಕೈಯಿಲ್ಲ, ಒಂದು ಗೆರೆಯೂ ಇಲ್ಲ. ಕೈಲಾಗದವರು ಸರಳ ಮಾಡುತ್ತಾರೆಂದು ನಮ್ಮಲ್ಲಿ ಎಷ್ಟೋ ಜನ ನಂಬಿದ್ದಾರೆ. ಅವರನ್ನು ಈ ಎರಡು ಕಲ್ಲುಗಳ ನಡುವೆ ಒಮ್ಮೆ ನಿಲ್ಲಿಸಬೇಕು.

ಮರುದಿನ ಉಳಿದವರೆಲ್ಲ ಮತ್ತೆ ಗುಹೆಗಳಿಗೆ ಹೋದರು. ನಾನು ಘಾಟಿ ಹತ್ತಿ ನಾಲ್ಕು ಕಿಲೋಮೀಟರ್ ದೂರದ ಖುಲ್ತಾಬಾದಿಗೆ ಹೋದೆ. ಅದಕ್ಕೂ ಒಂದು ಮನೆಯ ಕಾರಣವಿತ್ತು. ಕಲಬುರಗಿಯ ಖಾಜಾ ಬಂದೇನವಾಜರ ತಂದೆಯ ಗೋರಿ ಅಲ್ಲಿದೆ. ಉರುಸಿಗೆ ತಪ್ಪದೆ ಹೋಗಿಬರುತ್ತಿದ್ದ ನಮ್ಮ ಆಯಿ ಇದನ್ನು ಹೇಳಿದ್ದಳು. (ಆಯಿ ಎಂದರೆ ನಮ್ಮಲ್ಲಿ ಅಜ್ಜಿ. ಮುಂಬಯಿಯಲ್ಲಿ ಈ ಮಾತು ಕೇಳಿದವರೆಲ್ಲ ನಾನು ಅಮ್ಮನ ಬಗ್ಗೆ ಹೇಳುತ್ತಿದ್ದೇನೆ ಅಂದುಕೊಳ್ಳುತ್ತಾರೆ.) ಊರ ತುಂಬ ದರ್ಗಾಗಳು. ಗುಲಾಮನಾಗಿ ಬಂದು ಅಹ್ಮದನಗರದ ಆಳ್ವಿಕೆಯನ್ನೇ ಕೈಗೆ ತೆಗೆದುಕೊಂಡ ಮಲಿಕ್ ಅಂಬರ್‌ನ ಗುಮ್ಮಟ ಇಲ್ಲಿದೆ. 1707ರಲ್ಲಿ ತೀರಿಕೊಂಡ ಔರಂಗಜೇಬನನ್ನು ಹೂತದ್ದೂ ಇಲ್ಲೇ. ಅವನ ಮೇಲಿನ ಜಗಳ ಮಾಡುವವರು ಮಾಡಿಕೊಳ್ಳಲಿ, ನಾನು ನೋಡಿದ್ದು ಗೋರಿಯನ್ನು. ಚಾವಣಿ ಇಲ್ಲ, ಮೇಲೆ ಬರೀ ಮಣ್ಣು, ಅದರಲ್ಲೊಂದು ಸಬ್ಜಾ ಗಿಡ. ಸುತ್ತಲಿನ ಅಮೃತಶಿಲೆಯ ಜಾಲರಿ ಲಾರ್ಡ್ ಕರ್ಜನ್‌ನ ಆಸಕ್ತಿಯಿಂದ ಆಮೇಲೆ ಬಂದದ್ದು. ಏನೂ ಇಲ್ಲದ್ದನ್ನು ನೋಡಿ ಸುಮ್ಮನಿರುವುದು ದೊಡ್ಡವರಿಗೆ ಕಷ್ಟ.

ಪಾಟಿಯ ಗುರುತು ಹೇಳಿಕೊಟ್ಟದ್ದು ಒಂದು ದರ್ಗಾದ ಅಂಗಳ ಗುಡಿಸುತ್ತಿದ್ದ ಮುದುಕ. ಅದರ ಅರ್ಥವನ್ನೂ ಹೇಳಿದ: ಗಂಡಸು ಕಲಮು, ಹೆಂಗಸು ಪಾಟಿ, ಇವನು ಬರೆಯುತ್ತಾನೆ, ಅವಳ ಮೇಲೆ ಬರೆಸಿಕೊಳ್ಳುತ್ತಾಳೆ. ಹಲವು ಕಡೆ ಈ ಅರ್ಥವನ್ನೇ ಹೇಳುತ್ತಾರೆ. ನನಗದು ರುಚಿಸಲಿಲ್ಲ. ಒಂದು ಚಿಕ್ಕ ಗೋರಿಯ ಮುಂದೆ ಕುಳಿತು ಅದರ ಪಾಟಿಯ ಅಳತೆ ತೆಗೆಯುವಾಗ ನನ್ನ ತಲೆಯಲ್ಲಿದ್ದವಳು ಆಯಿ. ಅವಳು ಪಾಟಿ ಹಿಡಿದವಳಲ್ಲ, ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದವಳು. ಹಾಗಂತ ಅವಳ ಮೇಲೆ ಯಾರಾದರೂ ಏನಾದರೂ ಬರೆದು ಹೋಗುವ ಹಾಗೆ ಅವಳಿರಲಿಲ್ಲ. ಮುತ್ಯಾ ಕೂಡ ಅವಳ ಮುಂದೆ ದನಿ ತಗ್ಗಿಸುತ್ತಿದ್ದ. ಕಲ್ಲು ಹೇಳುವುದು ಬರೀ ಪಾಟಿ ಎಂದಷ್ಟೆ. ಉಳಿದ ಅರ್ಥ ನೋಡಿದವರು ಸೇರಿಸಿದ್ದು.

ಆಯಿ ತೀರಿಕೊಂಡು ಆಗ ಹತ್ತು ತಿಂಗಳಾಗಿತ್ತು. ನಮ್ಮಲ್ಲಿ ಸುಡುವುದಿಲ್ಲ. ಅಂಗೈಯಲ್ಲಿ ಇಷ್ಟಲಿಂಗವಿಟ್ಟು, ಕೂರಿಸಿ, ಮಣ್ಣು ಕೊಡುತ್ತಾರೆ. ಹೊಲದ ಬದುವಿನ ಹತ್ತಿರ ಹೂತದ್ದಾಗಿತ್ತು, ಮೇಲೊಂದು ಕಲ್ಲು ಕೂರಿಸಬೇಕಿತ್ತು. ಈಗ ಎಲ್ಲರೂ ಮಾಡಿಸುವಂತೆ ಕರಿ ಗ್ರಾನೈಟಿನ ಮೇಲೆ ಮಷೀನಿನಲ್ಲಿ ಫೋಟೋ ಕೆತ್ತಿಸುವುದೆಂದು ಕಾಕಾ ನಿಶ್ಚಯಿಸಿದ್ದರು. ಆಯಿಯದು ಒಂಟಿ ಫೋಟೋ ಎಂದರೆ ಆಧಾರ್ ಕಾರ್ಡಿನದು. ಅದರಲ್ಲಿ ಅವಳು ಯಾರಿಗೋ ಬಯ್ಯಲು ಬಾಯಿ ತೆರೆದಂತಿದ್ದಾಳೆ. ಆ ಕಲ್ಲನ್ನು ನಾನು ಮಾಡುತ್ತೇನೆ, ತರಗತಿಯ ಕೆಲಸವೂ ಅದೇ ಆಗಲಿ ಎಂದು ಖುಲ್ತಾಬಾದಿನಿಂದಲೇ ಫೋನು ಮಾಡಿದೆ.

ಏನು ಕೆತ್ತಬೇಕೆಂಬುದಕ್ಕೆ ಮೂರು ವಾರ ಹಿಡಿಯಿತು. ಮಾಸ್ತಿಗಲ್ಲುಗಳ ಚಿತ್ರ ತಿರುವಿಹಾಕಿದೆ. ಅಲ್ಲಿ ಬಳೆ ತೊಟ್ಟು ಮೇಲೆತ್ತಿದ ಒಂದು ತೋಳಿದ್ದರೆ ಮುಗಿಯಿತು, ಅದೇ ಹೆಣ್ಣು. ನೋಡಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಅವಳು ಹೇಗೆ ಸತ್ತಳೆಂಬುದಷ್ಟೇ ಅದರಲ್ಲಿದೆ. ಬೋರಿವಲಿಯ ಎಕ್ಸಾರಿನಲ್ಲಿ ಹಡಗಿನ ಕಾಳಗದ ವೀರಗಲ್ಲುಗಳಿವೆ. ಮುಂಬಯಿಯಲ್ಲಿರುವವರು ಒಂದು ಭಾನುವಾರ ಹೋಗಿ ಬನ್ನಿ. ಅಲ್ಲೂ ಸತ್ತ ದಿನದ್ದೇ ಕಥೆ. ನನಗೆ ಆಯಿ ಬದುಕಿದ್ದ ದಿನಗಳು ಬೇಕಿದ್ದವು. ಕೊನೆಗೆ ಆರಿಸಿದ್ದು ಒಂದು ಜೋಳದ ರೊಟ್ಟಿ.

ಕಲ್ಲು ಹುಡುಕಲು ಕಷ್ಟಪಡಲಿಲ್ಲ. ಮುಂಬಯಿಯ ಚಾಳುಗಳ ನೆಲಕ್ಕೂ ಅಡುಗೆ ಕಟ್ಟೆಗೂ ಹಾಸಿರುವ ಶಹಾಬಾದಿ ಫರ್ಸಿ ನಮ್ಮ ಜಿಲ್ಲೆಯದೇ. ಒಂದೂವರೆ ಅಡಿ ಚೌಕ, ಎರಡಿಂಚು ದಪ್ಪದ ತುಂಡು ಸಿಕ್ಕಿತು. ಪದರು ಪದರಾದ ಸುಣ್ಣಕಲ್ಲು ಅದು. ಉಳಿಯನ್ನು ನೆಟ್ಟಗೆ ಹಿಡಿದು ಹೊಡೆದರೆ ಹೆಕ್ಕಳಿಕೆ ಎದ್ದು ಇಡೀ ಪದರೇ ಬಂದುಬಿಡುತ್ತದೆ. ಉಳಿಯನ್ನು ಮಲಗಿಸಿ ಹಿಡಿದು, ಸುತ್ತಲ ಕಲ್ಲನ್ನು ಅರ್ಧ ಇಂಚು ತೆಗೆದು, ನಡುವೆ ಒಂಬತ್ತಿಂಚಿನ ದುಂಡು ಉಳಿಸಿದೆ. ಕೈವಾರ ಮುಟ್ಟಲಿಲ್ಲ. ಕೈಯಲ್ಲಿ ಬಡಿದ ರೊಟ್ಟಿ ಪೂರ್ತಿ ದುಂಡಗಿರುವುದಿಲ್ಲ, ಅಂಚಿನಲ್ಲಿ ಸಣ್ಣ ಸಣ್ಣ ಬಿರುಕು ಬಿಟ್ಟಿರುತ್ತದೆ. ಆ ಬಿರುಕುಗಳಿಗೇ ನಾಲ್ಕು ದಿನ ಹೋಯಿತು. ಗುರುಗಳು ನೋಡಿ, ಇದು ಚಂದ್ರನೂ ಆಗಬಹುದಲ್ಲ ಅಂದರು. ಆಗಲಿ ಬಿಡಿ ಸರ್ ಅಂದೆ.

ಫೋನಿನಲ್ಲಿ ಚಿತ್ರ ನೋಡಿದ ಕಾಕಾ ಮಾತ್ರ ಬಿಡಲಿಲ್ಲ. "ಫೋಟೋ ಬ್ಯಾಡಂತಿ, ಹೆಸರೂ ಬ್ಯಾಡಂತಿ. ನಾಳಿ ನನ್ನ ಮೊಮ್ಮಕ್ಕಳಿಗೆ ಇದು ಯಾರದಂತ ಹ್ಯಾಂಗ ಗೊತ್ತಾಗ್ಬೇಕವ್ವ?" ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಖುಲ್ತಾಬಾದಿನಲ್ಲಿ ಆ ಮುದುಕ ಇಲ್ಲದಿದ್ದರೆ ನನಗೆ ಕಂಡದ್ದು ಒಂದು ಆಯತ ಮಾತ್ರ. ಕಾಕಾನ ಮೊಮ್ಮಕ್ಕಳು ಪುಣೆಯಲ್ಲಿ ಬೆಳೆಯುತ್ತಿದ್ದಾರೆ, ಅವರಿಗೆ ಗೊತ್ತಿರುವುದು ಚಪಾತಿ. ಕಲ್ಲಿನ ಹಿಂಬದಿಯಲ್ಲಿ ಕನ್ನಡದಲ್ಲಿ ಅವಳ ಹೆಸರು ಕೆತ್ತಿದೆ, ಸಣ್ಣದಾಗಿ. ಎದುರುಬದಿಯನ್ನು ಮುಟ್ಟಗೊಡಲಿಲ್ಲ.

ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ, ಹಳೆ ಕೌದಿಯಲ್ಲಿ ಸುತ್ತಿ, ಸೀಟಿನ ಕೆಳಗಿಟ್ಟು ತಂದೆವು. 20 ಕಿಲೋ ಮೀರಿದ ಭಾರ. ಶಹಾಬಾದಿನಿಂದ ಮುಂಬಯಿಗೆ ಹೋದ ಕಲ್ಲು ಅದೇ ದಾರಿಯಲ್ಲಿ ವಾಪಸ್ಸು ಬಂತು. ಹೊಲದಲ್ಲಿ ತೊಗರಿ ಹೂಬಿಟ್ಟಿತ್ತು. ಕಲ್ಲು ಕೂರಿಸಿ, ವಿಭೂತಿ ಹಚ್ಚಿ, ಎಲ್ಲರೂ ಸುಮ್ಮನೆ ನಿಂತಿದ್ದೆವು. ಆಯಿಯ ಜೊತೆ ನಲವತ್ತು ವರ್ಷ ಕಳೆ ತೆಗೆದ ಪಕ್ಕದ ಮನೆಯ ಮುದುಕಿ ಕುಕ್ಕುರುಗಾಲಲ್ಲಿ ಕುಳಿತು, ದುಂಡಿನ ಮೇಲೆ ಅಂಗೈ ಆಡಿಸಿ, ಅಂಚಿನ ಬಿರುಕುಗಳನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಆಮೇಲೆ ನನ್ನತ್ತ ತಿರುಗಿ, "ಇಷ್ಟು ದಪ್ಪ ರೊಟ್ಟಿ ನಿಮ್ಮಾಯಿ ಒಂದಿನಾನೂ ಬಡದಿದ್ದಿಲ್ಲ ನೋಡವ್ವ" ಅಂದಳು.