ಕೊಬ್ಬರಿ ಹೋರಿಯ ನಾಡಿನಲ್ಲಿ

ಬಲಿಪಾಡ್ಯಮಿಯ ಬೆಳಿಗ್ಗೆ ಹಾನಗಲ್ಲ ಅಥವಾ ಹಿರೇಕೆರೂರು ಸೀಮೆಯ ಯಾವುದಾದರೂ ಹಳ್ಳಿಗೆ ಹೋದವರಿಗೆ ಅಂಗಳದಲ್ಲಿ ಮೊದಲು ಕಾಣುವುದು ಸಗಣಿಯಿಂದ ಮಾಡಿದ ಹಟ್ಟಿ ಲಕ್ಕವ್ವ. ಅವಳಿಗೆ ಚೆಂಡುಹೂವು, ಉತ್ತರಾಣಿ ಕಡ್ಡಿಯ ಸಿಂಗಾರ. ಕೊಟ್ಟಿಗೆಯಲ್ಲಿ ದನಗಳಿಗೆ ಮೈ ತೊಳೆದು ಕೊಂಬಿಗೆ ಬಣ್ಣ ಬಳಿಯುವ ಗಡಿಬಿಡಿ. ಮಧ್ಯಾಹ್ನದ ಹೊತ್ತಿಗೆ ಊರಿನ ಮುಖ್ಯ ಬೀದಿಯ ಎರಡೂ ಕಡೆ ಜನ ಸೇರುತ್ತಾರೆ. ಮಾಳಿಗೆಗಳ ಮೇಲೆ, ಟ್ರ್ಯಾಕ್ಟರುಗಳ ಮೇಲೆ, ಮರಗಳ ಮೇಲೆ ಎಲ್ಲಿ ನೋಡಿದರೂ ಜನವೇ. ಹೋರಿ ಬೆದರಿಸುವ ಹಬ್ಬ ಶುರುವಾಗುವುದು ಹೀಗೆ.

ಈ ನೆಲಕ್ಕೂ ದನಕ್ಕೂ ಇರುವ ನಂಟು ಹಳೆಯದು. ಹಾನಗಲ್ಲೇ ಮಹಾಭಾರತದ ವಿರಾಟನಗರ ಎಂಬುದು ಇಲ್ಲಿನ ಜನರ ನಂಬಿಕೆ. ಕೌರವರು ವಿರಾಟನ ಗೋವುಗಳನ್ನು ಹಿಡಿದದ್ದು, ಬೃಹನ್ನಳೆಯ ವೇಷದಲ್ಲಿದ್ದ ಅರ್ಜುನ ಅವನ್ನು ಬಿಡಿಸಿ ತಂದದ್ದು ಮಕ್ಕಳಿಗೂ ಗೊತ್ತು. ನಂಬಿಕೆ ಹಾಗಿರಲಿ, ಇತಿಹಾಸದ ಸಾಕ್ಷಿಯೂ ಇದೆ. ಈ ಭಾಗದ ಊರೂರಿನ ಗುಡಿಗಳ ಬಳಿ ನಿಂತಿರುವ ವೀರಗಲ್ಲುಗಳಲ್ಲಿ ತುರುಗೋಳಿನಲ್ಲಿ, ಅಂದರೆ ದನಗಳನ್ನು ಸೆರೆಹಿಡಿದು ಒಯ್ಯುವಾಗ ನಡೆದ ಕಾಳಗದಲ್ಲಿ, ಮಡಿದವರ ಕಲ್ಲುಗಳೂ ಇವೆ. ದನವೇ ಸಂಪತ್ತಾಗಿದ್ದ ಕಾಲದ ನೆನಪು ಅದು.

ಆಟದ ನಿಯಮ ಸರಳ. ಹೋರಿಯ ಕೊರಳಿಗೆ ಒಣ ಕೊಬ್ಬರಿ ಗಿಟಕುಗಳ ಮಾಲೆ ಕಟ್ಟುತ್ತಾರೆ. ಬೆನ್ನಿಗೆ ಜೂಲ, ಕೊಂಬಿಗೆ ಬಲೂನು, ರಿಬ್ಬನ್ನು. ಕೆಲವು ಹೋರಿಗಳ ಮೇಲೆ ಆಳೆತ್ತರದ ಪೀಪಿಯೂ ಇರುತ್ತದೆ. ಒಂದೊಂದಾಗಿ ಹೋರಿಗಳನ್ನು ಬಿಡುತ್ತಾರೆ. ಜನರ ನಡುವೆ ನುಗ್ಗಿ ಓಡುವ ಹೋರಿಯ ಮೇಲೆ ಎಗರಿ ಕೊಬ್ಬರಿ ಹರಿದುಕೊಂಡವನು ಗೆದ್ದ. ಯಾರ ಕೈಗೂ ಸಿಗದೆ ಕೊಬ್ಬರಿಯನ್ನು ಉಳಿಸಿಕೊಂಡು ದಾಟಿದರೆ ಹೋರಿ ಗೆದ್ದಿತು. ಹಿಂದೆ ಉಳುವ ಎತ್ತುಗಳೇ ಓಡುತ್ತಿದ್ದವು. ಗೆದ್ದವನಿಗೆ ಸಿಗುತ್ತಿದ್ದುದು ಆ ಕೊಬ್ಬರಿ ಮತ್ತು ಊರವರ ಶಹಬ್ಬಾಸ್‌ಗಿರಿ, ಅಷ್ಟೇ.

ಈಗ ಹಾಗಿಲ್ಲ. ಹೋರಿಯ ಸುತ್ತ ಒಂದು ತಂಡವೇ ಬೆಳೆದಿದೆ. ಮಾಲೀಕ, ಮೇವು ನೋಡಿಕೊಳ್ಳುವವ, ಅಖಾಡಕ್ಕೆ ತಂದು ಬಿಡುವವರು, ಹೋರಿಯ ಹೆಸರು ಅಚ್ಚು ಹಾಕಿಸಿದ ಟೀ-ಶರ್ಟು ತೊಟ್ಟ ಅಭಿಮಾನಿ ಬಳಗ. ಸಿನಿಮಾದ ಹೆಸರುಗಳೇ ಹೋರಿಗಳ ಹೆಸರುಗಳು. ದೀಪಾವಳಿಗೆ ಮುಗಿಯುತ್ತಿದ್ದ ಆಟ ಮುಂದೆ ಹಲವು ತಿಂಗಳು ಊರಿಂದೂರಿಗೆ ಸಾಗುತ್ತದೆ. ಪ್ರವೇಶ ಶುಲ್ಕವುಂಟು. ಬೈಕು, ಬಂಗಾರ, ಫ್ರಿಜ್ ಬಹುಮಾನವುಂಟು. ಹುರುಳಿ, ಹತ್ತಿಕಾಳು, ಹಿಂಡಿ ತಿನ್ನಿಸಿ, ಕೆರೆಯಲ್ಲಿ ಈಜಾಡಿಸಿ ಸಾಕಿದ ಹೋರಿ ನೊಗಕ್ಕೆ ಹೆಗಲು ಕೊಡುವುದಿಲ್ಲ. ಓಟವೇ ಅದರ ಕೆಲಸ. ತಮಿಳುನಾಡಿನಿಂದಲೂ ಹೋರಿಗಳನ್ನು ಕೊಂಡು ತರುವುದುಂಟು. ಬೆಲೆ ಲಕ್ಷಗಳಲ್ಲಿ. ಮೆಚ್ಚಿನ ಹೋರಿ ಸತ್ತರೆ ಮೆರವಣಿಗೆ ಮಾಡಿ ಮಣ್ಣು ಮಾಡುತ್ತಾರೆ. ಹಳ್ಳಿಯ ಆಟವೊಂದು, ಯಾರೂ ಆ ಹೆಸರಿಡದಿದ್ದರೂ, ವೃತ್ತಿಪರ ಲೀಗ್ ಆಗಿದೆ.

ಉತ್ತರಕ್ಕೆ ಹೊರಳಿ ಶಿಗ್ಗಾಂವಿ, ಸವಣೂರಿಗೆ ಬಂದರೆ ಭತ್ತದ ಗದ್ದೆಗಳು ಕಡಿಮೆಯಾಗಿ ಹತ್ತಿ, ಶೇಂಗಾ, ಗೋವಿನಜೋಳದ ಬಯಲು ತೆರೆದುಕೊಳ್ಳುತ್ತದೆ. ಇಲ್ಲಿ ಜನ ಮುಗಿಬೀಳುವುದು ಖಾಲಿ ಗಾಡಾ ಓಟಕ್ಕೆ. ಜೋಡಿ ಎತ್ತುಗಳು ಬರಿದಾದ ಗಾಡಿಯನ್ನು ಎಳೆದು ಒಂದು ನಿಮಿಷದಲ್ಲಿ ಎಷ್ಟು ಅಡಿ ಓಡಿದವು ಎಂಬುದೇ ಲೆಕ್ಕ. ದೂರವನ್ನು ಕಾಲದಿಂದ ಭಾಗಿಸಿದರೆ ವೇಗ ಎಂಬ ಪಾಠ ಇಲ್ಲಿ ಮೈದಾನದಲ್ಲೇ ಸಿಗುತ್ತದೆ. ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರದ ಹಳೆಯ ಕೋಟೆಯೊಳಗೆ ಸರ್ಕಾರದ ಖಿಲಾರಿ ತಳಿ ಸಂವರ್ಧನಾ ಕೇಂದ್ರವಿದೆ. ಉದ್ದ ಕೊಂಬು, ಬಿಗಿ ಮೈಕಟ್ಟಿನ ಈ ತಳಿ ಓಟಕ್ಕೆ ಹೆಸರಾದದ್ದು. 2006ರಲ್ಲಿ ಅದೇ ಕೋಟೆ ನವಿಲುಧಾಮವೂ ಆಯಿತು. ದನಗಳ ನಡುವೆ ನವಿಲುಗಳು ಕಾಳು ಹೆಕ್ಕುವುದನ್ನು ಮಕ್ಕಳಿಗೆ ತೋರಿಸಲೇಬೇಕು. ಸವಣೂರಿಗೆ ಹೋದರೆ ಬೃಹತ್ ದೊಡ್ಡಹುಣಸೆ ಮರಗಳನ್ನು ನೋಡದೆ, ಖಾರ ಕಟ್ಟಿಸಿಕೊಳ್ಳದೆ ಮರಳುವಂತಿಲ್ಲ.

2014ರಲ್ಲಿ ನಮ್ಮ ಎರಡು ಹಳ್ಳಿ ಆಟಗಳ ಹಣೆಬರಹ ಬೇರೆ ಬೇರೆಯಾಯಿತು. ಆ ವರ್ಷದ ಜುಲೈನಲ್ಲಿ ಪ್ರೊ ಕಬಡ್ಡಿ ಲೀಗ್ ಆರಂಭವಾಯಿತು. ಮಣ್ಣಿನ ಆಟಕ್ಕೆ ಮ್ಯಾಟು, ಗಡಿಯಾರ, ಅಂಪೈರು, ವೈದ್ಯರು ಬಂದರು. ಅದಕ್ಕೆ ಎರಡು ತಿಂಗಳು ಮೊದಲು, ಮೇ 7ರಂದು, ಸುಪ್ರೀಂ ಕೋರ್ಟು ಜಲ್ಲಿಕಟ್ಟು ಮತ್ತು ಎತ್ತಿನಗಾಡಿ ಓಟಗಳು ಪ್ರಾಣಿಹಿಂಸೆ ಎಂದು ತೀರ್ಪಿತ್ತಿತು. ಆ ನೆರಳು ಕರ್ನಾಟಕದ ಕಂಬಳದ ಮೇಲೂ ಹೋರಿಯ ಓಟದ ಮೇಲೂ ಬಿತ್ತು. 2017ರಲ್ಲಿ ರಾಜ್ಯದ ಶಾಸನಸಭೆ ಕಾಯಿದೆಗೆ ತಿದ್ದುಪಡಿ ತಂದಿತು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಎತ್ತಿಹಿಡಿಯಿತು. ಆಟವೇನೋ ಉಳಿಯಿತು. ಆದರೆ ಕಬಡ್ಡಿಗೆ ಬಂದ ಶಿಸ್ತು ಇಲ್ಲಿಗೆ ಬಂತೇ?

2025ರ ಅಕ್ಟೋಬರಿನ ದೀಪಾವಳಿಯಲ್ಲಿ ಹಾವೇರಿ ಜಿಲ್ಲೆಯಲ್ಲಿ ಕನಿಷ್ಠ ಮೂವರು ಹೋರಿ ತಿವಿದು ಸತ್ತರು. ಕೊಬ್ಬರಿ ಹರಿಯಲು ಹೋದವರಷ್ಟೇ ಅಪಾಯದಲ್ಲಿರುತ್ತಾರೆ ಎಂದು ತಿಳಿಯುವುದು ತಪ್ಪು. ಬೀದಿಯ ಬದಿಗೆ ನಿಂತವರನ್ನೂ ಹೋರಿ ಬಿಡುವುದಿಲ್ಲ. ಒಂದು ಲೆಕ್ಕ ಮಾಡಿ ನೋಡಬಹುದು. 400 ಕಿಲೋ ತೂಕದ ಹೋರಿ ಸೆಕೆಂಡಿಗೆ 8 ಮೀಟರ್ ವೇಗದಲ್ಲಿ ಓಡಿದರೆ ಅದರ ಚಲನಶಕ್ತಿ 12,800 ಜೂಲ್. ಇಬ್ಬರನ್ನು ಕೂರಿಸಿಕೊಂಡು ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಬರುವ ಬೈಕಿಗೂ ಹೆಚ್ಚುಕಡಿಮೆ ಇಷ್ಟೇ ಶಕ್ತಿ. ವ್ಯತ್ಯಾಸವೆಂದರೆ ಹೋರಿ ಅಷ್ಟನ್ನೂ ಕೊಂಬಿನ ತುದಿಯೊಂದರ ಮೂಲಕ ದಾಟಿಸಬಲ್ಲದು. ಅದಕ್ಕೆ ಬ್ರೇಕೂ ಇಲ್ಲ. ಹೆದರಿದ ದನ ಬಯಲು ಕಂಡ ಕಡೆ ನುಗ್ಗುತ್ತದೆ. ಅದು ಹೋರಿಯ ಸಿಟ್ಟಲ್ಲ, ದಿಗಿಲು. ಬೆದರಿಸುವುದು ಎಂಬ ಹೆಸರಿನಲ್ಲೇ ಆ ಸತ್ಯ ಅಡಗಿದೆ.

ಸ್ಪೇನ್ ದೇಶದ ಪಾಂಪ್ಲೋನಾ ಊರಿನಲ್ಲೂ ಪ್ರತಿವರ್ಷ ಜುಲೈ 7ರಿಂದ 14ರವರೆಗೆ ಬೀದಿಯಲ್ಲಿ ಗೂಳಿಗಳು ಓಡುತ್ತವೆ. ದಾರಿ ಸುಮಾರು 850 ಮೀಟರ್. ಬೀದಿ ತೆರೆದುಕೊಳ್ಳುವ ಕಡೆಗಳಲ್ಲಿ ಮರದ ಎರಡು ಸಾಲು ಬೇಲಿ, ಬೇಲಿಗಳ ನಡುವೆ ವೈದ್ಯಕೀಯ ತಂಡ. ಹದಿನೆಂಟು ತುಂಬದವರಿಗೆ ಪ್ರವೇಶವಿಲ್ಲ. ಅಲ್ಲಿ 1910ರಿಂದ ಸತ್ತವರು 16 ಮಂದಿ. ನೂರು ವರ್ಷಕ್ಕೂ ಮೀರಿದ ಆ ಲೆಕ್ಕವನ್ನು ನಮ್ಮ ಒಂದೇ ದೀಪಾವಳಿಯ ಲೆಕ್ಕದ ಪಕ್ಕ ಇಟ್ಟರೆ ಬೇಲಿಯ ಬೆಲೆ ತಿಳಿಯುತ್ತದೆ. ಬಹುಮಾನದ ಬೈಕಿಗೆ ಹಣ ಕೂಡಿಸುವ ಊರಿಗೆ ಗಟ್ಟಿ ಬೇಲಿ ಕಟ್ಟುವುದು ದೊಡ್ಡದಲ್ಲ. ಜೊತೆಗೆ ಒಂದು ಆಂಬುಲೆನ್ಸು, ಹೋರಿಗೆ ಪಶುವೈದ್ಯರ ತಪಾಸಣೆ, ಅಖಾಡದ ಕೊನೆಯಲ್ಲಿ ಹೋರಿ ನಿಲ್ಲಲು ಬಯಲು ಜಾಗ ಇದ್ದರೆ ಆಟದ ಸೊಗಸೇನೂ ಕುಂದದು.

ಈ ಓಟ ನೋಡಲು ಬಯಸುವವರು ದೀಪಾವಳಿಯ ನಂತರದ ದಿನಗಳಲ್ಲಿ ಹಾವೇರಿಯಿಂದ ಬಸ್ಸಿನಲ್ಲಿ ಹಾನಗಲ್ಲಿಗೋ ಹಿರೇಕೆರೂರಿಗೋ ಹೋಗಬಹುದು. ಹಾನಗಲ್ಲಿನ ತಾರಕೇಶ್ವರ ಗುಡಿಯಲ್ಲಿ ಕಮಲದ ಆಕಾರದ ಕಲ್ಲಿನ ಭುವನೇಶ್ವರಿಯನ್ನು ತಲೆಯೆತ್ತಿ ನೋಡಿ, ಅನಂತರ ಓಟಕ್ಕೆ ನಡೆಯಬಹುದು. ಮಕ್ಕಳನ್ನು ಕರೆತಂದವರು ಮಾತ್ರ ಮಾಳಿಗೆಯ ಮೇಲೆ ಜಾಗ ಹಿಡಿಯಬೇಕು. ಮಾಳಿಗೆ ಸಿಗದಿದ್ದರೆ, ಬೇಲಿಯೂ ಇಲ್ಲದಿದ್ದರೆ, ಆ ಊರಿನ ಓಟವನ್ನು ಬಿಟ್ಟು ಮುಂದಿನ ಊರಿಗೆ ಹೋಗುವುದೇ ಜಾಣತನ.