ತುಕ್ಕು, ಜಾಕು ಮತ್ತು ಅಪ್ಪ

"ಕೆಲಸ ಏನಾದ್ರೂ ಹೋಯ್ತೇನಲೇ?"

ನಾನು ಕೊಂಡ ಹಳೇ ಪಿಕಪ್ ಟ್ರಕ್ಕನ್ನು ವೀಡಿಯೋ ಕಾಲ್‌ನಲ್ಲಿ ತೋರಿಸಿದಾಗ ದಾವಣಗೆರೆಯಿಂದ ಅಪ್ಪ ಕೇಳಿದ ಮೊದಲ ಪ್ರಶ್ನೆ ಇದು. ಇಲ್ಲಪ್ಪಾ, ಕೆಲಸ ಇದೆ, ಇದು ಸುಮ್ನೆ ಶನಿವಾರ ಭಾನುವಾರದ ಹವ್ಯಾಸ ಅಂದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ದುಡ್ಡು ಕೊಟ್ಟು ಮೈಕೈ ಮಸಿ ಮಾಡ್ಕೊಳ್ಳೋ ಹವ್ಯಾಸಾನಾ?" ಅಂದು ಫೋನನ್ನು ಅಮ್ಮನ ಕೈಗೆ ಕೊಟ್ಟುಬಿಟ್ಟರು.

ಅವರು ಹಾಗೆ ಕೇಳಿದ್ದರಲ್ಲಿ ತಪ್ಪೇನಿಲ್ಲ ಬಿಡಿ. ಮೂವತ್ತೈದು ವರ್ಷ ಪಿ.ಬಿ. ರಸ್ತೆಯ ಒಂದು ಲಾರಿ ಗ್ಯಾರೇಜಿನಲ್ಲಿ ಹೆಡ್ ಮೆಕ್ಯಾನಿಕ್ ಆಗಿದ್ದವರು. ಮಗ ನೆರಳಲ್ಲಿ ಕೂತು ಉಣ್ಣಲಿ ಅಂತ ಸಾಲ ಮಾಡಿ ಇಂಜಿನಿಯರಿಂಗ್ ಓದಿಸಿದವರು. ಆ ಮಗ ಇಲ್ಲಿ ಒಹಾಯೋದ ಕೊಲಂಬಸ್ಸಿನಲ್ಲಿ ವಾರವಿಡೀ ಕಂಪ್ಯೂಟರ್ ಕುಟ್ಟಿ, ಶನಿವಾರ ಬಂದರೆ ಟ್ರಕ್ಕಿನ ಕೆಳಗೆ ಅಂಗಾತ ಮಲಗುತ್ತಾನೆ ಅಂದರೆ ಯಾವ ಅಪ್ಪನಿಗೆ ಅರ್ಥವಾಗುತ್ತೆ ಹೇಳಿ?

ಟ್ರಕ್ಕಿನ ಬಗ್ಗೆ ಸ್ವಲ್ಪ ಹೇಳಿಬಿಡ್ತೀನಿ. ಅದು 1972ರ ಫೋರ್ಡ್ ಎಫ್-100. ಫೋರ್ಡ್‌ನ ಎಫ್ ಸರಣಿ ಶುರುವಾಗಿದ್ದು 1948ರ ಮಾಡೆಲ್ಲಿನಿಂದ. ಎಫ್-100 ಅನ್ನೋ ಹೆಸರು ಬಂದಿದ್ದು 1953ರಲ್ಲಿ, ನಿಂತಿದ್ದು 1983ರಲ್ಲಿ. ಇಲ್ಲಿನ ರೈತರಿಗೆ ಇದು ನಮ್ಮ ಎತ್ತಿನಗಾಡಿ ಇದ್ದ ಹಾಗೆ. ಹುಲ್ಲು, ಗೊಬ್ಬರ, ಕರು, ಕಟ್ಟಿಗೆ ಎಲ್ಲಾ ಹೊತ್ತು, ಕೊನೆಗೆ ದನದ ಕೊಟ್ಟಿಗೆಯ ಹಿಂದೆ ಹುಲ್ಲು ಬೆಳೆಸಿಕೊಂಡು ನಿಂತುಬಿಡುತ್ತೆ. ನನ್ನದೂ ಹಾಗೇ ನಿಂತಿತ್ತು. 2,800 ಡಾಲರಿಗೆ ಕೊಂಡು, ಬಾಡಿಗೆ ಟ್ರೈಲರಿನಲ್ಲಿ ಹೇರಿಕೊಂಡು ತಂದೆ.

ಇಂಥದ್ದನ್ನು ಕೊಳ್ಳೋಕೆ ಹೋಗುವಾಗ ಜೇಬಿನಲ್ಲಿ ಒಂದು ಅಯಸ್ಕಾಂತ ಇರಬೇಕು. ಒಹಾಯೋದಲ್ಲಿ ಚಳಿಗಾಲ ಪೂರ್ತಿ ರಸ್ತೆಗೆ ಉಪ್ಪು ಸುರೀತಾರೆ, ಮಂಜು ಕರಗಲಿ ಅಂತ. ಆ ಉಪ್ಪುನೀರು ತಗಡನ್ನು ಒಳಗಿಂದ ತಿನ್ನುತ್ತೆ. ಬಾಗಿಲ ಕೆಳಗಿನ ಪಟ್ಟಿ, ಕ್ಯಾಬಿನ್ನಿನ ಹಿಂದಿನ ಎರಡು ಮೂಲೆ, ಕಾಲಿಡೋ ನೆಲ, ಇವು ಮೊದಲು ಹೋಗೋದು. ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದರೆ ಕಣ್ಣಿಗೆ ಗೊತ್ತಾಗಲ್ಲ, ಅಯಸ್ಕಾಂತಕ್ಕೆ ಗೊತ್ತಾಗುತ್ತೆ, ಅಲ್ಲಿ ಅಂಟೋದೇ ಇಲ್ಲ. ಬಣ್ಣ ಹೋಗಿದ್ದರೆ ಪರವಾಗಿಲ್ಲ, ಇಂಜಿನ್ ಕೆಟ್ಟಿದ್ದರೂ ಪರವಾಗಿಲ್ಲ, ಚಾಸಿ ತುಕ್ಕು ತಿಂದಿದ್ದರೆ ಮಾತ್ರ ಕೈಮುಗಿದು ವಾಪಸ್ ಬರಬೇಕು. ನನ್ನದರ ಚಾಸಿ ಗಟ್ಟಿಯಿತ್ತು. ನೆಲ ಮಾತ್ರ ಜರಡಿ :-)

ಬಾನೆಟ್ ಎತ್ತಿದರೆ ಮನಸ್ಸಿಗೆ ಸಮಾಧಾನ. 300 ಘನ ಇಂಚಿನ, ಅಂದರೆ 4.9 ಲೀಟರಿನ ಇಂಜಿನ್, ಆರು ಸಿಲಿಂಡರ್ ಒಂದೇ ಸಾಲಿನಲ್ಲಿ. 1965ರಲ್ಲಿ ಬಂದ ಈ ಇಂಜಿನ್ 1996ರವರೆಗೆ ಫೋರ್ಡ್ ಟ್ರಕ್ಕುಗಳಲ್ಲಿ ಇತ್ತು. ಟೈಮಿಂಗ್ ಬೆಲ್ಟೂ ಇಲ್ಲ, ಚೈನೂ ಇಲ್ಲ, ಹಲ್ಲಿಗೆ ಹಲ್ಲು ಕೂತ ಗೇರು ಅಷ್ಟೇ. ಪಕ್ಕದಲ್ಲಿ ಎಷ್ಟು ಜಾಗ ಅಂದರೆ ಒಬ್ಬ ಮನುಷ್ಯ ಒಳಗೇ ಇಳಿದು ನಿಂತು ಕೆಲಸ ಮಾಡಬಹುದು. ಪೆಟ್ರೋಲ್ ಟ್ಯಾಂಕು ಮಾತ್ರ ಸೀಟಿನ ಬೆನ್ನಿಗೇ, ಕ್ಯಾಬಿನ್ ಒಳಗೇ ಇದೆ. ತಿರುವಿನಲ್ಲಿ ಬೆನ್ನ ಹಿಂದೆ ಗುಳುಗುಳು ಅನ್ನುತ್ತೆ. 1973ರ ಮಾಡೆಲ್ಲಿನಲ್ಲಿ ಅದನ್ನು ಹೊರಗೆ ಹಾಕಿದರು. ನನ್ನವಳು ಒಂದು ಸಲ ಕೂತು, ಆ ಶಬ್ದ ಏನು ಅಂತ ಕೇಳಿ, ನಾನು ಹೇಳಿದ ಮೇಲೆ ಇಳಿದವಳು ಮತ್ತೆ ಹತ್ತಿಲ್ಲ.

ಒಂದು ವರ್ಷ ಹಿಡೀತು. ಮೊದಲು ಬ್ರೇಕು. ನಾಲ್ಕೂ ಚಕ್ರಕ್ಕೆ ಡ್ರಮ್ಮು, ನಾಲ್ಕರ ಸಿಲಿಂಡರೂ ಹಿಡಿದುಕೊಂಡಿದ್ದವು. ಆಮೇಲೆ ಪೆಟ್ರೋಲ್ ಪಂಪು. ಈಗ ಇಲ್ಲಿ ಸಿಗೋ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ ನೂರಕ್ಕೆ 10ರಷ್ಟು ಎಥನಾಲ್ ಇರುತ್ತೆ, ಹಳೇ ಕಾಲದ ರಬ್ಬರಿಗೆ ಅದು ಆಗಿಬರಲ್ಲ. ಆಮೇಲೆ ನೆಲ ಕತ್ತರಿಸಿ ಹೊಸ ತಗಡು ವೆಲ್ಡಿಂಗ್. ತೆಳು ತಗಡಿಗೆ ಒಂದೇ ಸಮ ವೆಲ್ಡಿಂಗ್ ಎಳೆದರೆ ತೂತು ಬೀಳುತ್ತೆ, ಅಲ್ಲೊಂದು ಇಲ್ಲೊಂದು ಚುಕ್ಕಿ ಇಟ್ಟು, ಆರಲು ಬಿಟ್ಟು ಮುಂದುವರಿಸಬೇಕು ಅಂತ ಗೊತ್ತಾಗುವಷ್ಟರಲ್ಲಿ ಎರಡು ತಗಡು ಹಾಳಾಗಿದ್ದವು.

*

ಮೇ ತಿಂಗಳಲ್ಲಿ ಅಪ್ಪ ಅಮ್ಮ ಬಂದರು. ಅಪ್ಪ ಬಂದವರೇ ಗ್ಯಾರೇಜಿಗೆ ನುಗ್ಗುತ್ತಾರೆ ಅಂದುಕೊಂಡಿದ್ದೆ. ಮೂರು ವಾರವಾದರೂ ಆ ಕಡೆ ತಲೆ ಹಾಕಲಿಲ್ಲ. ಹೊರಗೆ ಕುರ್ಚಿ ಹಾಕಿಕೊಂಡು ಮೊಬೈಲಿನಲ್ಲಿ ಪೇಪರ್ ಓದುತ್ತಾ ಕೂತಿರೋರು.

ನನಗೆ ಹಳೆಯದೆಲ್ಲ ನೆನಪಾಗುತ್ತಿತ್ತು. ಚಿಕ್ಕವನಿದ್ದಾಗ ಮಧ್ಯಾಹ್ನ ಊಟದ ಕ್ಯಾರಿಯರ್ ಕೊಡೋಕೆ ಅಪ್ಪನ ಗ್ಯಾರೇಜಿಗೆ ಹೋಗುತ್ತಿದ್ದೆ. ಬಾಗಿಲಲ್ಲೇ ನಿಲ್ಲಬೇಕು. ಒಂದು ಹೆಜ್ಜೆ ಒಳಗಿಟ್ಟರೆ "ಒಳಗೆ ಬರಬೇಡ" ಅಂತ ಗದರೋರು. ಮಗನಿಗೆ ಈ ಮಸಿಯ ರುಚಿ ಹತ್ತಬಾರದು ಅಂತ ಇರಬೇಕು ಅಂದುಕೊಂಡಿದ್ದೆ. ನಿಜ ಹೇಳಬೇಕು ಅಂದರೆ, ಹೈಸ್ಕೂಲಿಗೆ ಬರುವ ಹೊತ್ತಿಗೆ ಅಪ್ಪನ ಉಗುರಿನ ಕಪ್ಪು ನೋಡಿ ನನಗೇ ನಾಚಿಕೆಯಾಗುತ್ತಿತ್ತು.

ಒಂದು ಶನಿವಾರ ಇಂಜಿನ್ ಸ್ಟಾರ್ಟ್ ಆದರೂ ನಿಧಾನಕ್ಕೆ ಓಡುವಾಗ ಕುಂಟುತ್ತಿತ್ತು. ಕಾರ್ಬುರೇಟರ್ ಬಿಚ್ಚಿ ಕಟ್ಟಿ ಬಿಚ್ಚಿ ಕಟ್ಟಿ ಸಾಕಾಗಿತ್ತು. ಹೊರಗೆ ಕುರ್ಚಿಯಿಂದಲೇ ದನಿ ಬಂತು.

"ಅದನ್ನ ಬಿಡು. ಪಾಯಿಂಟ್ ನೋಡಿದ್ಯಾ?"

ನೋಡಿರಲಿಲ್ಲ. ಅಪ್ಪ ಎದ್ದು ಬಂದರು. ಹ್ಯಾಕ್‌ಸಾ ಬ್ಲೇಡು ಇದ್ಯಾ ಅಂದರು. ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು, ಪಾಯಿಂಟನ್ನು ಉಜ್ಜಿ, ಬ್ಲೇಡಿನ ದಪ್ಪ ಇಟ್ಟು ಗ್ಯಾಪ್ ಸರಿ ಮಾಡಿ ಸ್ಕ್ರೂ ಬಿಗಿದರು. ಪುಸ್ತಕದಲ್ಲಿ 0.027 ಇಂಚು ಅಂತಿದೆ, ಬ್ಲೇಡಿನ ದಪ್ಪ ಅಳೆದರೆ 0.025. ಸ್ಟಾರ್ಟ್ ಮಾಡಿದೆ. ಕುಂಟು ನಿಂತಿತ್ತು. ಅಪ್ಪ ಕೈ ಒರೆಸಿಕೊಳ್ಳುತ್ತಾ ಇಂಜಿನ್ ನೋಡುತ್ತಾ ನಿಂತರು. "ಫಾರ್ಗೋ, ಡಾಡ್ಜ್ ಲಾರಿ ಬಿಚ್ಚಿದವನಿಗೆ ಇದೇನು ಹೊಸದಲ್ಲ ಬಿಡು" ಅಂದರು. ಅವೆರಡೂ ಅಮೆರಿಕದ ಮೂಲದವೇ ತಾನೇ, ಬೊಂಬಾಯಿಯ ಪ್ರೀಮಿಯರ್ ಕಂಪನಿ ನಮ್ಮಲ್ಲಿ ತಯಾರಿಸುತ್ತಿತ್ತು.

ಅವತ್ತಿನಿಂದ ಅಪ್ಪನೂ ಗ್ಯಾರೇಜಿನ ಗಿರಾಕಿ. ನನಗೆ ಸ್ವರ್ಗ ಮೂರೇ ಗೇಣು.

*

ಎರಡು ವಾರ ಕಳೆದಿರಬೇಕು. ಹಿಂದಿನ ಆಕ್ಸಲ್ಲಿನ ಹತ್ತಿರ ಎಣ್ಣೆ ಜಿನುಗುತ್ತಿತ್ತು. ಎರಡು ನಿಮಿಷದ ಕೆಲಸ, ನೋಡಿ ಬಂದುಬಿಡೋಣ ಅಂತ ಹೈಡ್ರಾಲಿಕ್ ಜಾಕ್ ಒಂದರ ಮೇಲೇ ಟ್ರಕ್ಕನ್ನು ಎತ್ತಿ, ಚಕ್ರದ ಹಲಗೆಯ ಮೇಲೆ ಮಲಗಿ ಕೆಳಗೆ ಸರಿದೆ. ಅಪ್ಪ ವಾಕಿಂಗ್ ಹೋಗಿದ್ದರು.

ಇದ್ದಕ್ಕಿದ್ದಂತೆ ಯಾರೋ ನನ್ನ ಎರಡೂ ಕಾಲು ಹಿಡಿದು ಹಲಗೆ ಸಮೇತ ಹೊರಗೆ ಎಳೆದರು. ಅಪ್ಪ. ಮುಖ ಬಿಳಿಚಿಕೊಂಡಿತ್ತು. ನನ್ನ ಜೀವಮಾನದಲ್ಲಿ ಕೇಳದ ಬೈಗುಳಗಳನ್ನೆಲ್ಲ ಬೈದರು. ಪಕ್ಕದ ಮನೆಯವರು ಹೊರಗೆ ಬಂದು ನೋಡಿದರು. ಬೈದು ಮುಗಿದ ಮೇಲೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಕೈ ನಡುಗುತ್ತಿತ್ತು.

ಅಮ್ಮ ಟೀ ತಂದುಕೊಟ್ಟು ಏನೂ ಕೇಳದೆ ಒಳಗೆ ಹೋದಳು. ಆಮೇಲೆ ಅಪ್ಪ ಹೇಳಿದರು.

ನಾನು ಎರಡನೇ ಕ್ಲಾಸಿನಲ್ಲಿದ್ದಾಗಿನ ಮಾತು. ಗ್ಯಾರೇಜಿನಲ್ಲಿ ಹನ್ನೆರಡು ವರ್ಷದ ಒಬ್ಬ ಹುಡುಗ ಇದ್ದ. ಹರಿಹರದ ಕಡೆಯ ಹಳ್ಳಿಯವನು, ಅಪ್ಪ ಇಲ್ಲದ ಮಗು. ಸ್ಪಾನರ್ ಎತ್ತಿಕೊಡೋದು, ಡೀಸೆಲ್ಲಿನಲ್ಲಿ ಪಾರ್ಟು ತೊಳೆಯೋದು ಅವನ ಕೆಲಸ. ಅವತ್ತು ಒಂದು ಲಾರಿ ಅರ್ಜೆಂಟಾಗಿ ಹೊರಡಬೇಕಿತ್ತು. ಮರದ ದಿಮ್ಮಿ ಕೊಡೋಕೆ ಪುರುಸೊತ್ತಿಲ್ಲ, ಜಾಕಿನ ಮೇಲೇ ನಿಂತಿತ್ತು. "ನಾನೇ ಹೇಳಿದ್ದು. ಹತ್ತೊಂಬತ್ತರ ಸ್ಪಾನರ್ ತಗಂಡು ಒಳಗೆ ಹೋಗಿ ಆ ನಟ್ಟು ಹಿಡ್ಕಳೋ ಅಂತ." ಜಾಕು ಜಾರಿತು. ಆಸ್ಪತ್ರೆವರೆಗೂ ಹೋಗಬೇಕಾಗಲಿಲ್ಲ.

ಪ್ರತಿ ವರ್ಷ ಯುಗಾದಿಯ ಮಾರನೇ ದಿನ ಅಪ್ಪ ಬೆಳಿಗ್ಗೆಯೇ ಎದ್ದು, "ಹರಿಹರದ ಕಡೆ ಸ್ವಲ್ಪ ಕೆಲಸ ಐತಿ" ಅಂತ ಬಸ್ಸು ಹತ್ತುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ಕೈಯಲ್ಲಿ ಒಂದು ಸೀರೆಯ ಪೊಟ್ಟಣ ಇರುತ್ತಿತ್ತು. ಯಾವುದೋ ದೇವಿಗೆ ಹರಕೆ ಇರಬೇಕು ಅಂದುಕೊಂಡಿದ್ದೆ. ಆ ಹುಡುಗನ ತಾಯಿಯ ಮನೆಗೆ ಹೋಗುತ್ತಿದ್ದರಂತೆ, ಆಕೆ ತೀರಿಹೋಗುವವರೆಗೂ.

"ಅದಕ್ಕೇ ನಿನ್ನ ಒಳಗೆ ಬಿಡ್ತಿರಲಿಲ್ಲ. ಓದ್ಲಿ ಅಂತ ಅಲ್ಲ. ನೀನು ಬಾಗಿಲಲ್ಲಿ ನಿಂತ್ರೆ ನಂಗೆ ಅವನೇ ಕಾಣೋನು."

ನಾನು ಏನೂ ಮಾತಾಡಲಿಲ್ಲ. ಮಾತಾಡೋಕೆ ಏನಿತ್ತು?

*

ಮಾರನೇ ದಿನ ಅಪ್ಪ ಅಂಗಡಿಗೆ ಕರೆದುಕೊಂಡು ಹೋಗು ಅಂದರು. ಆರಿಂಚು ಚೌಕದ ಮರದ ತೊಲೆ ಕೊಂಡು, ಕುಯ್ದು ನಾಲ್ಕು ದಿಮ್ಮಿ ಮಾಡಿದರು. ಆಮೇಲೆ ಪಾಠ. ಹಳೇ ಗಾಡಿ ಹುಚ್ಚು ಇರೋರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಗಮನ ಕೊಡಿ.

ಜಾಕು ಇರೋದು ಎತ್ತೋಕೆ, ಹೊರೋಕೆ ಅಲ್ಲ. ಅಷ್ಟು ಭಾರವನ್ನೂ ಹಿಡಿದಿರೋದು ಎಣ್ಣೆ ಮತ್ತು ಒಂದು ರಬ್ಬರ್ ಸೀಲು. ಎತ್ತುವ ಮೊದಲು ನೆಲದಲ್ಲೇ ಉಳಿಯುವ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲೋ ಮರವೋ ಕೊಡಬೇಕು. ಇಂಥ ಟ್ರಕ್ಕಿನಲ್ಲಿ ಪಾರ್ಕಿಂಗ್ ಬ್ರೇಕೂ ಗೇರೂ ಹಿಡಿಯೋದು ಹಿಂದಿನ ಚಕ್ರಗಳನ್ನೇ. ಆ ಚಕ್ರಗಳೇ ಗಾಳಿಯಲ್ಲಿದ್ದರೆ ಗಾಡಿಯನ್ನು ಹಿಡಿಯೋರು ಯಾರೂ ಇಲ್ಲ. ಎತ್ತಿದ ಮೇಲೆ ಎರಡೂ ಕಡೆ ಸ್ಟ್ಯಾಂಡ್ ಕೊಟ್ಟು ಭಾರ ಅದರ ಮೇಲೆ ಇಳಿಸಬೇಕು. ಕೈಯಿಂದ ಚೆನ್ನಾಗಿ ಅಲ್ಲಾಡಿಸಿ ನೋಡಬೇಕು. ಬಿಚ್ಚಿದ ಚಕ್ರವನ್ನು ಚಾಸಿಯ ಕೆಳಗೆ ಮಲಗಿಸಬೇಕು. ಗಾಡಿಯ ಕೆಳಗೆ ಹೋಗ್ತಾ ಇದೀನಿ ಅಂತ ಮನೆಯಲ್ಲಿ ಒಬ್ಬರಿಗೆ ಹೇಳಿ ಹೋಗಬೇಕು. ಎರಡು ನಿಮಿಷದ ಕೆಲಸಕ್ಕೂ ಇದೇ ಲೆಕ್ಕ.

ಅಕ್ಟೋಬರಿನಲ್ಲಿ ಅವರು ಊರಿಗೆ ಹೊರಟರು. ದಿಮ್ಮಿಗಳು ಇಲ್ಲೇ ಇವೆ.

ಮೊನ್ನೆ ನನ್ನ ಒಂಬತ್ತು ವರ್ಷದ ಮಗ ಗ್ಯಾರೇಜಿನ ಬಾಗಿಲಿಗೆ ಬಂದು ನಿಂತ. "ಒಳಗೆ ಬರಬೇಡ" ಅಂತ ನನ್ನ ಬಾಯಿಂದ ತಾನಾಗಿಯೇ ಬಂತು. ಆ ರಾತ್ರಿ ಅಪ್ಪನಿಗೆ ಫೋನಿನಲ್ಲಿ ಇದನ್ನು ಹೇಳಿದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಸದ್ದಿಲ್ಲ. ಆಮೇಲೆ, "ಕರ್ಕೋ ಒಳಗೆ. ಮೊದ್ಲು ಚಕ್ರಕ್ಕೆ ದಿಮ್ಮಿ ಇಡೋದು ಕಲಿಸು" ಅಂದರು.

ಈಗ ದಿಮ್ಮಿ ಇಡೋದು ಅವನ ಕೆಲಸ. ಇಟ್ಟ ಮೇಲೆ ಒಂದೊಂದನ್ನೂ ಕಾಲಿನಿಂದ ಒದ್ದು ಪರೀಕ್ಷೆ ಮಾಡುತ್ತಾನೆ, ಥೇಟ್ ಅಜ್ಜನ ಹಾಗೆ.

ಅಂದ ಹಾಗೆ, ಇಲ್ಲಿಂದ ಐವತ್ತು ಮೈಲಿ ದೂರದಲ್ಲಿ 1966ರದ್ದು ಒಂದು ನಿಂತಿದೆಯಂತೆ. ಆ ಕಾಲದ್ದಕ್ಕೆ ಬ್ರೇಕಿನ ಎಣ್ಣೆಯ ದಾರಿ ಒಂದೇ, ಎಲ್ಲಾದರೂ ಒಂದು ಕಡೆ ಒಡೆದರೆ ನಾಲ್ಕೂ ಚಕ್ರಕ್ಕೆ ಬ್ರೇಕಿಲ್ಲ. ಕೊಂಡರೆ ಮೊದಲು ಅದನ್ನೇ ಬದಲಿಸಬೇಕು. ಅಪ್ಪನಿಗೆ ಫೋಟೋ ಕಳಿಸಿದ್ದೀನಿ, ನನ್ನವಳಿಗೆ ಇನ್ನೂ ಹೇಳಿಲ್ಲ :-)